ಹಳೆ ಬಂಗಲೆಯ ಅಗ್ಗಿಷ್ಟಿಕೆಗೆ ಮತ್ತೆ ಬೆಂಕಿ ಹಾಕುವುದು ಹೇಗೆ?

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹಳೆ ತೋಟದ ಬಂಗಲೆಗಳ ಹಾಲ್‌ನಲ್ಲಿ ಅಗ್ಗಿಷ್ಟಿಕೆ ನೋಡಿರುತ್ತೀರಿ. ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಗಿದ್ದು 1854ರಲ್ಲಿ. ತೋಟದ ಹಿಂದೆ ಬಂಗಲೆ ಬಂತು, ಬಂಗಲೆಯ ಜೊತೆ ಕಲ್ಲಿನ ಕಮಾನು, ಬೀಟೆಯ ಹಲಗೆ, ಹೆಂಚಿನ ಮೇಲೆ ಎದ್ದ ಚಿಮಣಿ ಬಂದವು. ಈಗ ಎಷ್ಟೋ ಮನೆಗಳಲ್ಲಿ ಅದರೊಳಗೆ ಹೂಕುಂಡ ಕೂತಿದೆ. ಯಾರೋ ಒಮ್ಮೆ ಬೆಂಕಿ ಹಾಕಿದರು, ಹೊಗೆ ಹಾಲ್ ತುಂಬಿತು, ಅಲ್ಲಿಗೆ ಮುಚ್ಚಿಬಿಟ್ಟರು. ಇನ್ನು ಕೆಲವರು ಮೇಸ್ತ್ರಿಯನ್ನು ಕರೆಸಿ ಒಳಗೆಲ್ಲ ಸಿಮೆಂಟ್ ಮೆತ್ತಿಸಿದ್ದಾರೆ. ನೂರು ವರ್ಷ ಗಟ್ಟಿಯಾಗಿ ನಿಂತ ಕೆಲಸ ಹೀಗೆ ಎರಡೇ ದಿನದಲ್ಲಿ ಹಾಳಾಗುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಒಳಗೆ ಇಣುಕಿ

ಟಾರ್ಚ್ ಹಿಡಿದು ಕೆಳಗಿನಿಂದ ಮೇಲೆ ನೋಡಿ. ಆಕಾಶ ಕಾಣಬೇಕು. ಕಾಣದಿದ್ದರೆ ಹಕ್ಕಿ ಗೂಡೋ, ಉದುರಿದ ಇಟ್ಟಿಗೆಯೋ ಅಡ್ಡ ಇದೆ. ತುಡುವೆ ಜೇನು ಕೂತಿದ್ದರೆ ಹೊಗೆ ಹಾಕಿ ಓಡಿಸಬೇಡಿ. ಜೇನು ಸಾಕುವವರನ್ನು ಕರೆಸಿ ಪೆಟ್ಟಿಗೆಗೆ ಇಳಿಸಿ. ಆಮೇಲೆ ಅಟ್ಟ ಹತ್ತಿ ಇನ್ನೊಂದನ್ನು ನೋಡಲೇಬೇಕು. ಪಕಾಸಿ, ತೊಲೆ ಯಾವುದಾದರೂ ಚಿಮಣಿಗೆ ತಾಗಿದೆಯಾ? ಗೋಡೆಯಲ್ಲಿ ಬಿರುಕಿದ್ದು, ಅದರ ಪಕ್ಕದಲ್ಲೇ ಮರವಿದ್ದರೆ ಅದು ಸರಿಯಾಗುವ ತನಕ ಬೆಂಕಿಯ ಮಾತೇ ಬೇಡ.

2. ಮಸಿ ತೆಗೆಸಿ

ಮೇಲಿನಿಂದ ಹಗ್ಗಕ್ಕೆ ಬ್ರಷ್ ಮತ್ತು ಭಾರ ಕಟ್ಟಿ ಇಳಿಸಿ, ಎಳೆಯಿರಿ. ಕೆಳಗೆ ಒದ್ದೆ ಗೋಣಿಚೀಲ ಕಟ್ಟಿ, ಇಲ್ಲದಿದ್ದರೆ ಸೋಫಾ ಎಲ್ಲ ಕರಿ. ಟಾರಿನ ಹಾಗೆ ಹೊಳೆಯುವ ಅಂಟುಮಸಿ ಇದ್ದರೆ ಅದನ್ನು ಕೆರೆದೇ ತೆಗೆಯಬೇಕು. ಚಿಮಣಿಗೆ ಬೆಂಕಿ ಹತ್ತುವುದು ಅದರಿಂದಲೇ.

3. ಬಿರುಕಿಗೆ ಸುಣ್ಣ, ಸಿಮೆಂಟ್ ಅಲ್ಲ

ಹಳೆ ಇಟ್ಟಿಗೆ ಮೆದು. ಬಿಸಿಯಾದಾಗ ಸ್ವಲ್ಪ ಹಿಗ್ಗುತ್ತದೆ, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಅದರ ಜೊತೆ ಹೊಂದಿಕೊಂಡು ಹೋಗುತ್ತದೆ. ಸಿಮೆಂಟ್ ಹೊಂದಿಕೊಳ್ಳುವುದಿಲ್ಲ. ತಾನೂ ಸೀಳುತ್ತದೆ, ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಅರಳಿಸಿ ನೆನೆಹಾಕಿದ ಸುಣ್ಣದ ಮುದ್ದೆ ಒಂದು ಪಾಲು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿ ಮೂರು ಪಾಲು. ಗೋಡೆಗೆ ಬಳಿಯುವ ಪ್ಯಾಕೆಟ್ ಸುಣ್ಣ ಈ ಕೆಲಸಕ್ಕೆ ಆಗುವುದಿಲ್ಲ. ಬೆಂಕಿ ನೇರವಾಗಿ ತಾಗುವ ಕಡೆ ಮಾತ್ರ ಫೈರ್ ಬ್ರಿಕ್ (ಶಾಖ ತಡೆಯುವ ಇಟ್ಟಿಗೆ) ಇಟ್ಟು, ತೆಳ್ಳಗೆ ಫೈರ್ ಕ್ಲೇ (ಶಾಖ ತಡೆಯುವ ಜೇಡಿ) ಹಾಕಿ ಕೂರಿಸಿ. ಗಾರೆಯನ್ನು ಒಂದು ವಾರ ಒದ್ದೆಯಾಗಿಡಿ. ಆಮೇಲೆ ಒಂದು ತಿಂಗಳು ಹಾಗೇ ಬಿಡಿ. ಬೇಗ ಒಣಗಲಿ ಅಂತ ಬೆಂಕಿ ಹಾಕಿದರೆ ಎಲ್ಲ ವ್ಯರ್ಥ.

4. ಹೊಗೆ ಯಾಕೆ ವಾಪಸ್ ಬರುತ್ತದೆ?

ಎಲ್ಲರೂ ಎಡವುವುದು ಇಲ್ಲೇ. "ಚಿಮಣಿ ಕಟ್ಟಿಕೊಂಡಿದೆ" ಅಂತಾರೆ. ಗುಡಿಸಿ ಸ್ವಚ್ಛ ಮಾಡಿದ ಮೇಲೂ ಹೊಗೆ ಬರುತ್ತದಲ್ವಾ? ಆಗ ಸಮಸ್ಯೆ ಅಳತೆಯದು.

ಬಿಸಿಗಾಳಿ ಮೇಲೇರುವ ಎತ್ತರ ಹೆಚ್ಚಾದಷ್ಟೂ ಎಳೆತ ಜಾಸ್ತಿ. ಇಂಗ್ಲೆಂಡಿನ ಎರಡು ಮೂರು ಮಹಡಿಯ ಹಳ್ಳಿಮನೆಗಳಲ್ಲಿ ಚಿಮಣಿ ತಾನಾಗಿಯೇ ಉದ್ದ ಇರುತ್ತಿತ್ತು. ನಮ್ಮ ತೋಟದ ಬಂಗಲೆಗಳು ಹೆಚ್ಚಾಗಿ ಒಂದೇ ಅಂತಸ್ತು. ಚಿಮಣಿ ಗಿಡ್ಡ, ಅಗ್ಗಿಷ್ಟಿಕೆಯ ಬಾಯಿ ಮಾತ್ರ ದೊಡ್ಡದು. ಬಾಯಿ ಅಗಲವಾದಷ್ಟೂ ಹಾಲ್‌ನ ತಣ್ಣನೆ ಗಾಳಿ ಒಳಗೆ ನುಗ್ಗಿ ಹೊಗೆಯನ್ನು ತಣಿಸುತ್ತದೆ. ತಣ್ಣಗಾದ ಹೊಗೆ ಮೇಲೇರದೆ ನಮ್ಮ ಕಣ್ಣಿಗೆ ಬರುತ್ತದೆ.

ಟೇಪು ಹಿಡಿಯಿರಿ. ಚಿಮಣಿ ಕೊಳವೆಯ ಒಳಗಿನ ವಿಸ್ತೀರ್ಣ ಅಗ್ಗಿಷ್ಟಿಕೆ ಬಾಯಿಯ ಹತ್ತನೇ ಒಂದು ಪಾಲಾದರೂ ಇರಬೇಕು. ಚಿಮಣಿ ಗಿಡ್ಡ ಇದ್ದರೆ ಎಂಟನೇ ಒಂದು ಪಾಲು. ಕೊಳವೆ 9×9 ಇಂಚು ಅಂದರೆ 81 ಚದರ ಇಂಚು. ಬಾಯಿ 36 ಇಂಚು ಅಗಲ, 30 ಇಂಚು ಎತ್ತರ ಅಂದರೆ 1080. ಕೊಳವೆ ಹದಿಮೂರನೇ ಒಂದು ಪಾಲಷ್ಟೇ ಆಯಿತು. ಹೊಗೆ ಬಾರದೆ ಇರುತ್ತದಾ? ಅದೇ ಅಗಲಕ್ಕೆ ಎತ್ತರ 18ರಿಂದ 22 ಇಂಚಿನೊಳಗೆ ಇದ್ದರೆ ಸರಿ.

ಲೆಕ್ಕ ನಂಬದಿದ್ದರೆ ತಗಡಿನ ಪರೀಕ್ಷೆ ಮಾಡಿ. ಬಾಯಿಯಷ್ಟು ಅಗಲದ ಒಂದು ತಗಡು ತನ್ನಿ. ಸಣ್ಣ ಬೆಂಕಿ ಹಾಕಿ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ತಗಡನ್ನು ಕಮಾನಿನ ಕೆಳಗೆ ಅಡ್ಡ ಹಿಡಿದು, ಇಂಚು ಇಂಚಾಗಿ ಇಳಿಸುತ್ತಾ ಬನ್ನಿ. ಸಕಲೇಶಪುರ ಹತ್ತಿರ ಒಂದು ಬಂಗಲೆಯಲ್ಲಿ ನಾವು ಹೀಗೆ ಮಾಡಿದೆವು. ಆರು ಇಂಚು ಇಳಿಸಿದರೂ ಹೊಗೆಯ ಎಳೆ ತಗಡಿನ ಅಂಚು ಬಳಸಿ ಹೊರಗೆ ಬರುತ್ತಲೇ ಇತ್ತು. ಒಂಬತ್ತಕ್ಕೆ ಬಂದಾಗ ಆ ಎಳೆ ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಒಳಕ್ಕೆ ತಿರುಗಿ ಸರ್ರನೆ ಮೇಲೆ ಹೋಯಿತು. "ಅಕ್ಕ, ಈಗ ಎಳೀತಿದೆ ನೋಡಿ" ಅಂದ ಮೇಸ್ತ್ರಿ. ಬೆಂಕಿಯ ಸದ್ದೇ ಬದಲಾಗಿತ್ತು.

ಅಳತೆ ಗೊತ್ತಾದ ಮೇಲೆ ಅಷ್ಟನ್ನು ಕಡಿಮೆ ಮಾಡಬೇಕು. ತಾಮ್ರದ ಅಥವಾ ಕಬ್ಬಿಣದ ಪಟ್ಟಿಯನ್ನು ಮೇಲೆ ಕಾಯಂ ಕೂರಿಸಬಹುದು. ನನಗೆ ಅದು ಇಷ್ಟವಿಲ್ಲ, ಕಲ್ಲಿನ ಕಮಾನು ಮುಚ್ಚಿಹೋಗುತ್ತದೆ. ಫೈರ್ ಬ್ರಿಕ್ಕಿನ ಎರಡು ಮೂರು ಸಾಲು ಹಾಸಿ ನೆಲವನ್ನೇ ಎತ್ತರಿಸಿ. ಕಮಾನು ಕಾಣುತ್ತದೆ, ಬೇಡ ಅಂದರೆ ನಾಳೆ ಇಟ್ಟಿಗೆ ತೆಗೆದುಬಿಡಬಹುದು.

ಇನ್ನೊಂದು ಜಾಗ ಗಂಟಲು, ಬೆಂಕಿಯ ಗೂಡು ಚಿಮಣಿಗೆ ಸೇರುವ ಕಡೆ. "ಹೊಗೆ ಹೋಗಲು ದಾರಿ ಸಾಲದು" ಅಂತ ಇದನ್ನು ಒಡೆದು ದೊಡ್ಡದು ಮಾಡುತ್ತಾರೆ. ದಯವಿಟ್ಟು ಒಡೆಸಬೇಡಿ. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1796ರಲ್ಲಿ ಇದನ್ನೇ ಬರೆದು ಲಂಡನ್ನಿನ ಎಷ್ಟೋ ಮನೆಗಳ ಅಗ್ಗಿಷ್ಟಿಕೆ ಸರಿಮಾಡಿದ. ಗಂಟಲಿನ ಆಳ ನಾಲ್ಕು ಇಂಚು ಸಾಕು, ಎದುರಿನ ಅಂಚು ನುಣ್ಣಗೆ ಬಾಗಿರಬೇಕು, ಬೆಂಕಿಯ ಗೂಡು ಆಳ ಕಡಿಮೆ ಇರಬೇಕು, ಅಕ್ಕಪಕ್ಕದ ಗೋಡೆ ಹೊರಕ್ಕೆ ತೆರೆದಿರಬೇಕು. ಹೀಗಿದ್ದರೆ ಹೊಗೆ ಮೇಲೆ ಹೋಗುತ್ತದೆ, ಶಾಖ ಕೋಣೆಗೆ ಬರುತ್ತದೆ. ಹೊಗೆ ಎಳೆಯಲು ಚಿಮಣಿ ಮೇಲೆ ಫ್ಯಾನ್ ಕೂರಿಸಿಕೊಡುತ್ತೇವೆ ಅಂತ ಬರುವವರಿದ್ದಾರೆ. ಅಳತೆ ಸರಿಯಿದ್ದರೆ ಅದು ಬೇಕಿಲ್ಲ. ಅಳತೆ ತಪ್ಪಿದ್ದರೆ ಕರೆಂಟು ಹೋದ ಕೂಡಲೇ ಮತ್ತೆ ಹೊಗೆ.

5. ಮೇಲ್ಗಡೆ

ಚಿಮಣಿ ಹೆಂಚಿನಿಂದ ಮೂರು ಅಡಿ ಮೇಲಿರಬೇಕು. ಹತ್ತು ಅಡಿಯೊಳಗೆ ಇರುವ ಮಾಡಿನ ನೆತ್ತಿಗಿಂತ ಎರಡು ಅಡಿ ಎತ್ತರ ಬೇಕು. ನಮ್ಮ ಮಳೆಗೆ ಕಲ್ಲುಚಪ್ಪಡಿಯ ಟೋಪಿ, ಸುತ್ತ ಹಕ್ಕಿ ನುಗ್ಗದ ಜಾಲರಿ.

6. ಹೊತ್ತಿಸುವ ದಿನ

ಮೊದಲ ನಾಲ್ಕೈದು ದಿನ ಪುಟ್ಟ ಬೆಂಕಿ ಸಾಕು. ಹೊತ್ತಿಸುವ ಮುಂಚೆ ಒಂದು ಪೇಪರ್ ಸುರುಳಿ ಉರಿಸಿ ಗಂಟಲಿನ ಹತ್ತಿರ ಹಿಡಿದು ಚಿಮಣಿಯನ್ನು ಬೆಚ್ಚಗೆ ಮಾಡಿಕೊಳ್ಳಿ. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಆಫ್ ಮಾಡಿ, ಅದು ಹೊಗೆಯನ್ನು ಮನೆಯೊಳಗೇ ಎಳೆಯುತ್ತದೆ. ಒಂದು ಕಿಟಕಿ ಎರಡು ಬೆರಳಷ್ಟು ತೆರೆದೇ ಇರಲಿ. ಎಲ್ಲ ಮುಚ್ಚಿ, ಕೆಂಡ ಬಿಟ್ಟು ಮಲಗಬೇಡಿ. ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಸೌದೆ ಒಂದು ವರ್ಷ ಒಣಗಿರಬೇಕು. ಕಿತ್ತ ಹಳೆ ಕಾಫಿ ಗಿಡದ ಬೊಡ್ಡೆಗೆ ಸಮ ಯಾವುದೂ ಇಲ್ಲ, ಗಂಟೆಗಟ್ಟಲೆ ಕೆಂಡ ನಿಲ್ಲುತ್ತದೆ. ಪೇಂಟ್ ಬಳಿದ ಹಲಗೆ, ಪ್ಲೈವುಡ್ ಹಾಕಲೇಬೇಡಿ.

ಬೂದಿಯನ್ನು ದಿನಾ ಪೂರ್ತಿ ಬಳಿಯಬೇಡಿ. ಒಂದು ಇಂಚು ಉಳಿದಿದ್ದರೆ ಮರುದಿನ ಬೆಂಕಿ ಬೇಗ ಹಿಡಿಯುತ್ತದೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ನಲ್ಲಿ ಹಾಕಿ ಎರಡು ದಿನ ಅಂಗಳದಲ್ಲಿಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರುತ್ತದೆ.