ಮಾರೊನೈಟ್ ಮಠಗಳ ಹಳೆಯ ಹಸ್ತಪ್ರತಿಗಳನ್ನು ಮನೆಯಲ್ಲೇ ಕೂತು ನೋಡುವುದು ಹೇಗೆ?

ಮಾರೊನೈಟರು ಲೆಬನಾನಿನ ಬೆಟ್ಟಗಳಲ್ಲಿ ಬೇರೂರಿದ ಕ್ಯಾಥೊಲಿಕ್ ಕ್ರೈಸ್ತರು. ಅವರ ಪೂಜೆಯ ಸಾಂಪ್ರದಾಯಿಕ ಭಾಷೆ ಸಿರಿಯಾಕ್ (ಅರಾಮಿಕ್ ಭಾಷೆಯ ಒಂದು ರೂಪ), ಮನೆಮಾತು ಅರಬ್ಬಿ. ಅವರ ಮಠಗಳು ನೂರಾರು ವರ್ಷ ಕಾಪಾಡಿಕೊಂಡು ಬಂದ ಕೈಬರಹದ ಪುಸ್ತಕಗಳ ಫೋಟೋಗಳು ಈಗ ಇಂಟರ್ನೆಟ್‌ನಲ್ಲಿವೆ. ಭಾಷೆ ಬಾರದವರೂ ಇವನ್ನು ತೆರೆದು ನೋಡಬಹುದು, ನೋಡಬೇಕು ಕೂಡ.

ಮೊದಲು ಒಂದು ಖಾತೆ ಮಾಡಿಕೊಳ್ಳಿ. ಅಮೆರಿಕದ ಮಿನ್ನೆಸೋಟಾದಲ್ಲಿ ಹಿಲ್ ಮ್ಯೂಸಿಯಂ ಅಂಡ್ ಮ್ಯಾನುಸ್ಕ್ರಿಪ್ಟ್ ಲೈಬ್ರರಿ ಇದೆ. ಬೆನೆಡಿಕ್ಟೈನ್ ಸನ್ಯಾಸಿಗಳು 1965ರಲ್ಲಿ ಶುರು ಮಾಡಿದ್ದು. 2003ರಿಂದ ಲೆಬನಾನಿನಲ್ಲೂ ಹಸ್ತಪ್ರತಿಗಳ ಫೋಟೋ ತೆಗೆಯುವ ಕೆಲಸ ಮಾಡುತ್ತಿದೆ. ಮೂಲ ಪುಸ್ತಕ ಅದರ ಒಡೆಯರ ಬಳಿಯೇ ಉಳಿಯುತ್ತದೆ, ಫೋಟೋ ಮಾತ್ರ ಹೊರಗೆ ಬರುತ್ತದೆ. ಈ ಕ್ರಮ ನನಗೆ ತುಂಬಾ ಸರಿ ಅನಿಸುತ್ತದೆ. ಅವರ ‘ವಿಎಚ್‌ಎಂಎಂಎಲ್ ರೀಡಿಂಗ್ ರೂಮ್’ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾಕು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಹುಡುಕಾಟ. ದೇಶ ಲೆಬನಾನ್ ಎಂದು ಕೊಡಿ. ಊರಿಗೆ ಕಸ್ಲಿಕ್ ಹಾಕಿ ನೋಡಿ. 1695ರಲ್ಲಿ ಹುಟ್ಟಿದ ಲೆಬನೀಸ್ ಮಾರೊನೈಟ್ ಸನ್ಯಾಸಿ ಸಂಘದ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಮಠದ ಹೆಸರಿನಿಂದ ಹುಡುಕುವಾಗ ತಾಳ್ಮೆ ಬೇಕು. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಥರ ಬರೆಯುತ್ತಾರೆ. ಕದೀಶಾ ಕಣಿವೆಯ ಕೊಝಾಯಾ ಮಠವನ್ನು ‘ಕ್ಯೂ’ ಅಕ್ಷರದಿಂದಲೂ ಹುಡುಕಿ, ‘ಕೆ’ ಅಕ್ಷರದಿಂದಲೂ ಹುಡುಕಿ.

ಭಾಷೆಯ ವಿಷಯದಲ್ಲಿ ಗರ್ಶೂನಿಯನ್ನು ಮರೆಯಬೇಡಿ. ಅದು ಸಿರಿಯಾಕ್ ಅಕ್ಷರದಲ್ಲಿ ಬರೆದ ಅರಬ್ಬಿ. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರಲ್ವಾ, ಹಾಗೇ. 1610ರಲ್ಲಿ ಕೊಝಾಯಾದಲ್ಲಿ ಅಚ್ಚಾದ ಕೀರ್ತನೆಗಳ ಪುಸ್ತಕದಲ್ಲೂ ಸಿರಿಯಾಕ್ ಪಕ್ಕದಲ್ಲಿ ಗರ್ಶೂನಿಯೇ ಇದೆ. ಅದಕ್ಕೇ ಅಕ್ಷರ ನೋಡಿ ಭಾಷೆ ಇದೇ ಎಂದು ತೀರ್ಮಾನಿಸಬೇಡಿ, ತಾಣದಲ್ಲಿ ಪುಸ್ತಕದ ಜೊತೆ ಕೊಟ್ಟಿರುವ ವಿವರಣೆಯನ್ನು ಓದಿ.

ಪುಸ್ತಕ ತೆರೆದ ಮೇಲೆ ನೆನಪಿಡಿ: ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಹಾಳೆಯ ಮುಂಭಾಗ ನಿಮಗೆ ಎಡಗಡೆ ಕಾಣುತ್ತದೆ. ವಿವರಣೆಯಲ್ಲಿ ‘12 ಆರ್’ ಎಂದರೆ ಹನ್ನೆರಡನೇ ಹಾಳೆಯ ಮುಂಭಾಗ, ‘12 ವಿ’ ಎಂದರೆ ಅದರ ಬೆನ್ನು.

ಸುಮ್ನೆ ಪುಟ ತಿರುವುತ್ತಾ ಹೋಗುವ ಬದಲು ನೇರವಾಗಿ ಕೊನೆಗೆ ಹೋಗಿ. ನಕಲು ಮಾಡಿದವರು ತಮ್ಮ ಹೆಸರು, ಊರು, ಮುಗಿಸಿದ ದಿನವನ್ನು ಜಾಸ್ತಿ ಅಲ್ಲೇ ಬರೆಯುತ್ತಾರೆ. ‘ಈ ಪಾಪಿಗಾಗಿ ಪ್ರಾರ್ಥಿಸಿ’ ಎಂದು ಓದುಗರನ್ನು ಕೇಳಿಕೊಳ್ಳುವುದೂ ಉಂಟು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಮನಸ್ಸಿಗೆ ಹತ್ತಿರವಾಗುವ ಜಾಗ ಇದೇ. ಹಾಳೆಗಳ ಅಂಚನ್ನೂ ಬಿಡಬೇಡಿ. ನಂತರದವರು ಬರೆದ ಟಿಪ್ಪಣಿಗಳಿಂದ ಪುಸ್ತಕ ಯಾರ ಯಾರ ಕೈ ದಾಟಿತು ಎಂದು ತಿಳಿಯುತ್ತದೆ.

ಇಸವಿ ನೋಡಿ ಗಾಬರಿಯಾಗಬೇಡಿ. ಹಳೆಯ ಸಿರಿಯಾಕ್ ಪುಸ್ತಕಗಳು ಕ್ರಿ.ಪೂ. 312ರಿಂದ ಎಣಿಸುವ ‘ಗ್ರೀಕರ ವರ್ಷ’ ಬಳಸುತ್ತವೆ. ಜನವರಿಯಿಂದ ಸೆಪ್ಟೆಂಬರ್‌ವರೆಗಿನ ದಿನವಾದರೆ 311 ಕಳೆಯಿರಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಾದರೆ 312. ಹೆಸರಾಂತ ಸಿರಿಯಾಕ್ ಹಸ್ತಪ್ರತಿಯಾದ ರಬ್ಬುಲಾ ಸುವಾರ್ತೆಯಲ್ಲಿ 897ರ ಫೆಬ್ರವರಿ ಎಂದಿದೆ, ಅಂದರೆ ಕ್ರಿ.ಶ. 586. ಅದು ಮಾರೊನೈಟ್ ಪೇಟ್ರಿಯಾರ್ಕರ (ಅವರ ಚರ್ಚಿನ ಮುಖ್ಯಸ್ಥರ) ಬಳಿಯಿದ್ದು, ಈಗ ಇಟಲಿಯ ಫ್ಲಾರೆನ್ಸ್‌ನಲ್ಲಿದೆ.

ಅಕ್ಷರ ಕಲಿಯುವ ಆಸೆ ಹುಟ್ಟಿದರೆ ಅದೇ ತಾಣದಲ್ಲಿ ಹಳೆಯ ಲಿಪಿಗಳನ್ನು ಓದುವ ಪಾಠಗಳಿವೆ. ಮಾರೊನೈಟರು ಬಳಸುವುದು ಸಿರಿಯಾಕಿನ ಸೆರ್ತೊ ಶೈಲಿ. ಅಲ್ಲಿಂದ ಶುರು ಮಾಡಿ.

ನೋಡಿದ ಪ್ರತಿಯ ಪ್ರಾಜೆಕ್ಟ್ ಸಂಖ್ಯೆ (ತಾಣವು ಆ ಪ್ರತಿಗೆ ಕೊಟ್ಟ ಗುರುತು) ಮತ್ತು ಹಾಳೆಯ ಸಂಖ್ಯೆಯನ್ನು ಆಗಲೇ ಬರೆದಿಟ್ಟುಕೊಳ್ಳಿ. ಫೋಟೋವನ್ನು ಎಲ್ಲಾದರೂ ಪ್ರಕಟಿಸುವ ಮೊದಲು ಅನುಮತಿ ಕೇಳಿ.