ಲಂಡನ್‌ನಿಂದ ಟೋಕಿಯೊ ಎಷ್ಟು ದೂರ? ವಾಯುದೂರ ಅಳೆಯುವ ಬಗೆ

ದೂರದ ಎರಡು ನಗರಗಳ ನಡುವಿನ ವಾಯುದೂರ ತಿಳಿಯಲು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಆರಂಭದಲ್ಲೇ ಲೆಕ್ಕ ತಪ್ಪುತ್ತದೆ. ನಮಗೆಲ್ಲ ರೂಢಿಯಾಗಿರುವ ಮರ್ಕೇಟರ್ ನಕ್ಷೆಯು 1569ರಲ್ಲಿ ನಾವಿಕರ ಅನುಕೂಲಕ್ಕಾಗಿ ರಚಿತವಾದದ್ದು. ಅದು ದಿಕ್ಕನ್ನು ಕಾಪಾಡುತ್ತದೆ, ದೂರವನ್ನಲ್ಲ. ಅದರಲ್ಲಿ ಲಂಡನ್‌ನಿಂದ ಟೋಕಿಯೊವರೆಗೆ ನೇರ ಗೆರೆ ಎಳೆದರೆ ಅದು ಕಜಕಸ್ತಾನ, ಚೀನಾಗಳ ಮೇಲೆ ಹಾಯುತ್ತದೆ. ಆ ಗೆರೆಯನ್ನೇ ಹಿಡಿದು ಹೋದರೆ ಸುಮಾರು 11,300 ಕಿ.ಮೀ. ಆಗುತ್ತದೆ. ಅದಕ್ಕಿಂತ 1,700 ಕಿ.ಮೀ.ಗೂ ಹೆಚ್ಚು ಹತ್ತಿರದ ದಾರಿಯೊಂದಿದೆ.

ಅದನ್ನು ಕಣ್ಣಾರೆ ಕಾಣಲು ಒಂದು ಗ್ಲೋಬ್, ಒಂದು ದಾರ ಸಾಕು. ದಾರದ ಒಂದು ತುದಿಯನ್ನು ಲಂಡನ್ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಟೋಕಿಯೊ ಕಡೆಗೆ ಬಿಗಿಯಾಗಿ ಎಳೆಯಿರಿ. ಸಡಿಲ ಉಳಿದಿರುವಷ್ಟು ಹೊತ್ತು ದಾರ ಮೆಲ್ಲನೆ ಉತ್ತರಕ್ಕೆ ಸರಿಯುತ್ತ ಹೋಗಿ, ಕೊನೆಗೆ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಮೇಲೆ ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಬಾಗಿ, ಸೈಬೀರಿಯದ ಮೂಲಕ ಇಳಿದು ನಿಲ್ಲುತ್ತದೆ. ಇದೇ ಮಹಾವೃತ್ತದ ದಾರಿ, ಅಂದರೆ ಭೂಗೋಳವನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ ಮೇಲಿನ ದಾರಿ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ದಾರದ ಉದ್ದ ಸುಮಾರು 22.5 ಸೆಂ.ಮೀ. ಬರುತ್ತದೆ, ಪ್ರತಿ ಸೆಂ.ಮೀ.ಗೆ 425 ಕಿ.ಮೀ. ಹಿಡಿದರೆ ಉತ್ತರ ಕೈಗೆ ಸಿಕ್ಕಿತು.

ನಿಖರತೆ ಬೇಕಿದ್ದರೆ ಕ್ಯಾಲ್ಕುಲೇಟರ್ ಹಿಡಿಯಿರಿ. ಅದು ಡಿಗ್ರಿ ಕ್ರಮದಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಈ ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಲಂಡನ್ 51.5 ಡಿಗ್ರಿ ಉತ್ತರ, 0.1 ಡಿಗ್ರಿ ಪಶ್ಚಿಮದಲ್ಲಿದೆ, ಟೋಕಿಯೊ 35.7 ಡಿಗ್ರಿ ಉತ್ತರ, 139.7 ಡಿಗ್ರಿ ಪೂರ್ವದಲ್ಲಿದೆ. ಒಂದು ಪಶ್ಚಿಮ, ಇನ್ನೊಂದು ಪೂರ್ವವಾದ್ದರಿಂದ ರೇಖಾಂಶಗಳನ್ನು ಕೂಡಬೇಕು: 139.8. (ಮೊತ್ತ 180 ಮೀರಿದರೆ ಅದನ್ನು 360ರಿಂದ ಕಳೆಯಬೇಕು.) ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.4567. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು 139.8ರ ಕೊಸೈನ್‌ನೊಂದಿಗೆ ಗುಣಿಸಿದರೆ ಋಣ 0.3861. ಎರಡನ್ನೂ ಕೂಡಿದಾಗ ಬರುವ 0.0706 ಯಾವ ಕೋನದ ಕೊಸೈನ್ ಎಂದು ಕೇಳಿದರೆ ಕ್ಯಾಲ್ಕುಲೇಟರ್ ಹೆಚ್ಚುಕಡಿಮೆ 86 ಡಿಗ್ರಿ ಎನ್ನುತ್ತದೆ. ಮಹಾವೃತ್ತದ ಪ್ರತಿ ಡಿಗ್ರಿಗೆ 60 ನಾಟಿಕಲ್ ಮೈಲುಗಳಂತೆ 5,160 ಮೈಲು. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.ಯಂತೆ 9,556 ಕಿ.ಮೀ.

ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಈ ಉತ್ತರದಲ್ಲಿ ಶೇಕಡಾ ಅರ್ಧದವರೆಗೆ ವ್ಯತ್ಯಾಸ ಬರಬಹುದು. ನರಿತಾ ವಿಮಾನ ನಿಲ್ದಾಣವು ಟೋಕಿಯೊ ನಗರಮಧ್ಯದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ ಎಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಆದರೂ ಸಿಕ್ಕಿದ್ದು ವಾಯುದೂರ, ವಿಮಾನ ಹಾರಿದ ದೂರವಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಹಲವು ದೇಶಗಳ ವಿಮಾನಗಳಿಗೆ ಮುಚ್ಚಿದ ಮೇಲೆ, ಟೋಕಿಯೊದಿಂದ ಲಂಡನ್‌ಗೆ ಹೊರಟ ವಿಮಾನಗಳು ಅಲಾಸ್ಕ, ಗ್ರೀನ್‌ಲ್ಯಾಂಡ್‌ಗಳ ಕಡೆಯಿಂದಲೂ ಸುತ್ತಿ ಬಂದಿವೆ. ಅಂಥ ದಾರಿಯ ಉದ್ದ ಬೇಕಿದ್ದರೆ ನಡುವಿನ ತಿರುವುಗಳನ್ನು ಗುರುತಿಸಿಕೊಂಡು, ಪ್ರತಿ ತುಂಡಿಗೂ ಮೇಲಿನ ಲೆಕ್ಕವನ್ನೇ ಬೇರೆಬೇರೆಯಾಗಿ ಮಾಡಿ ಕೂಡಬೇಕು.