ಕುರಿಗೆ ಓಮದೆಣ್ಣೆ ಕುಡಿಸುವ ಮುಂಚೆ ಕಣ್ಣು ನೋಡಿ

ಮಳೆ ಹಿಡಿದು ಎಳೆ ಹುಲ್ಲು ಚಿಗುರಿತು ಅಂದರೆ ಅರಸೀಕೆರೆ, ಕಡೂರು ಕಡೆಯ ಕುರಿ ರೊಪ್ಪಗಳಲ್ಲಿ ಜಂತುಹುಳುವಿನ ಕಾಟವೂ ಶುರು. ಮೇದರೂ ಕುರಿ ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣ ಹಿಮಾಂಕಸ್ ಎಂಬ ಹುಳು. ನೂಲೆಳೆಯಂತೆ ಸಣ್ಣಗೆ, ಎರಡು ಸೆಂಟಿಮೀಟರ್ ಆಸುಪಾಸು ಉದ್ದ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ 5,000 ಮೊಟ್ಟೆ ಇಡಬಲ್ಲದು.

ಒಂದೇ ಔಷಧಿಯನ್ನು ಮತ್ತೆ ಮತ್ತೆ ಕುಡಿಸಿದರೆ ಹುಳುಗಳು ಅದಕ್ಕೆ ಬಗ್ಗುವುದಿಲ್ಲ. ಹಾಗಾಗಿ ಓಮ, ಲವಂಗ, ನೀಲಗಿರಿ ಎಣ್ಣೆಗಳ ಮೇಲೆ ಆಸೆ. ಆಸೆಗೆ ಆಧಾರವಿದೆ. ಓಮದಲ್ಲಿರುವ ಥೈಮಾಲ್, ಲವಂಗದಲ್ಲಿರುವ ಯೂಜಿನಾಲ್ ಎಂಬ ಸಾರಗಳು ಪ್ರಯೋಗಾಲಯದಲ್ಲಿ ಹುಳುವಿನ ಮೊಟ್ಟೆ ಒಡೆದು ಮರಿಯಾಗದಂತೆ ತಡೆದಿವೆ. ಆದರೆ ಕುರಿಯ ಮೊದಲನೇ ದೊಡ್ಡ ಹೊಟ್ಟೆಯಲ್ಲಿ ಬಕೆಟ್ ತುಂಬುವಷ್ಟು ಮೇವು, ನೀರು ಇರುತ್ತದಲ್ವಾ? ಕುಡಿಸಿದ ಎಣ್ಣೆ ಅದರಲ್ಲಿ ಕಲೆತು ತೆಳುವಾಗುತ್ತದೆ. ಹುಳು ಇರುವ ಜಾಗಕ್ಕೆ ತಲುಪುವುದು ಸ್ವಲ್ಪವೇ. ಅದಕ್ಕೇ ಸುಮ್ನೆ ನಂಬಿ ಕುಡಿಸಬೇಡಿ, ಪರೀಕ್ಷೆ ಮಾಡಿ ನೋಡಿ.

ಮೊದಲು ಕಣ್ಣು. ಬೆಳಗಿನ ಬೆಳಕಲ್ಲಿ ಕುರಿಯನ್ನು ಹಿಡಿದು ನಿಲ್ಲಿಸಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಎಳೆಯಿರಿ. ಒಳಗಿನ ಪೊರೆ ದಾಳಿಂಬೆ ಕಾಳಿನಂತೆ ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ತಿಳಿ ಗುಲಾಬಿಯಾಗಿದ್ದರೆ ಎಚ್ಚರ. ಸುಣ್ಣದಂತೆ ಬಿಳುಚಿದ್ದರೆ ಆ ಕುರಿಗೆ ಎಣ್ಣೆಯ ಪ್ರಯೋಗ ಬೇಡವೇ ಬೇಡ. ಅವತ್ತೇ ಪಶು ವೈದ್ಯರಿಗೆ ತೋರಿಸಿ, ಔಷಧಿ ಹಾಕಿಸಿ. ಎಣ್ಣೆ ನಂಬಿ ನಾಲ್ಕು ದಿನ ಕಾದರೆ ಕುರಿ ಉಳಿಯದೇ ಹೋಗಬಹುದು. ಬಣ್ಣ ಹೋಲಿಸಿ ನೋಡಲು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚ ಎಂಬ ಕಾರ್ಡ್ ಇದೆ, 1ರಿಂದ 5ರವರೆಗೆ ಅಂಕ; 1 ಅಂದರೆ ಕೆಂಪು, 5 ಅಂದರೆ ಬಿಳುಚು.

ಆಮೇಲೆ ಹಿಕ್ಕೆ. ಕಣ್ಣು ಕೆಂಪಗಿರುವ ಕುರಿಗಳಲ್ಲಿ ಒಂದಿಪ್ಪತ್ತನ್ನು ಆರಿಸಿ, ಎರಡು ಗುಂಪು ಮಾಡಿ, ಕಿವಿಗೆ ಗುರುತು ಹಾಕಿ. ನೆಲದ ಮೇಲೆ ಬಿದ್ದ ಹಿಕ್ಕೆ ಬೇಡ. ಕೈಗವಸು ಹಾಕಿ ಗುದದಿಂದಲೇ ತೆಗೆದು, ಒಂದೊಂದು ಕುರಿಯದನ್ನೂ ಬೇರೆ ಕವರಿಗೆ ಹಾಕಿ ಕುರಿಯ ಗುರುತು ಬರೆಯಿರಿ. ಬಿಸಿಲು ತಾಗಿಸದೆ ಅವತ್ತೇ ಹುಳುವಿನ ಮೊಟ್ಟೆ ಎಣಿಸುವ ಪರೀಕ್ಷೆಗೆ ಕೊಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಬಹುದು.

ಒಂದು ಗುಂಪಿಗೆ ಮಾತ್ರ ಎಣ್ಣೆ. ಎಷ್ಟು ಕುಡಿಸಬೇಕು, ಯಾವುದರಲ್ಲಿ ಬೆರೆಸಬೇಕು ಅನ್ನುವುದನ್ನು ಕುರಿಯ ತೂಕ ನೋಡಿ ವೈದ್ಯರೇ ಹೇಳಬೇಕು. ಬಟ್ಟಿ ಇಳಿಸಿದ ಎಣ್ಣೆಯನ್ನು ಹಾಗೇ ಹುಯ್ದರೆ ಬಾಯಿ, ಗಂಟಲು ಸುಡುತ್ತದೆ. ಗೊಟ್ಟ (ಔಷಧಿ ಕುಡಿಸುವ ಕೊಳವೆ) ಇಡುವಾಗ ತಲೆಯನ್ನು ಜಾಸ್ತಿ ಎತ್ತಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕುರಿ ಸಾಯಬಹುದು.

ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಎರಡೂ ಗುಂಪಿನ ಹಿಕ್ಕೆ ಮತ್ತೆ ಪರೀಕ್ಷೆಗೆ ಕೊಡಿ. ಎರಡರಲ್ಲೂ ಮೊಟ್ಟೆ ಒಂದೇ ಸಮ ಇಳಿದಿದ್ದರೆ ಅದು ಎಣ್ಣೆಯ ಗುಣ ಅಲ್ಲ, ಹವಾಮಾನದ್ದೋ ಮೇವಿನದ್ದೋ. ಕುಡಿದ ಗುಂಪಿನಲ್ಲಿ ಮಾತ್ರ ಚೆನ್ನಾಗಿ ಇಳಿದಿದ್ದರೆ ವೈದ್ಯರಿಗೆ ಪರೀಕ್ಷೆಯ ಚೀಟಿ ತೋರಿಸಿ ಮುಂದುವರಿಸಿ. ಅಷ್ಟೂ ದಿನ ಇಬ್ಬನಿ ಆರಿದ ಮೇಲೆಯೇ ಕುರಿ ಬಿಡಿ. ಒದ್ದೆ ಹುಲ್ಲಿನ ತುದಿಗೆ ಮರಿಹುಳುಗಳು ಹತ್ತಿ ಕೂತಿರುತ್ತವೆ.